ಇಂಗ್ಲಿಷ್ ಬರವಣಿಗೆ: ಹತ್ತನೇ ತರಗತಿಯ ಪೋಷಕರ ಗಮನಕ್ಕೆ

ಎಲ್ಲ ಸದಸ್ಯರಿಗೆ ನಮಸ್ಕಾರ. ಕನ್ನಡ ಮಾಧ್ಯಮದ ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಪತ್ರ ಬರೆಯುವಾಗ ಹೆಚ್ಚಾಗಿ ಎಡವುವುದು ಕ್ರಿಯಾಪದದಲ್ಲಿ. ಕನ್ನಡದಲ್ಲಿ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುವ ಅದು ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ ಬರುತ್ತದೆ. 'ಶಿ ಗೋ ಟು ಸ್ಕೂಲ್' ಎಂದು ಬರೆದ ಮಗುವಿಗೆ, ವರ್ತಮಾನ ಕಾಲದಲ್ಲಿ 'ಶಿ' ಬಂದಾಗ 'ಗೋ' ಎಂಬುದು 'ಗೋಸ್' ಆಗುವುದನ್ನೂ, 'ಡಸ್ ನಾಟ್' ಸೇರಿದೊಡನೆ ಅದು ಮತ್ತೆ 'ಗೋ' ಆಗಿಯೇ ಉಳಿಯುವುದನ್ನೂ ಒಟ್ಟಿಗೇ ತೋರಿಸಬೇಕು. 'ಎ', 'ಆನ್' ಆರಿಸುವಾಗ ಅಕ್ಷರವನ್ನಲ್ಲ, ಉಚ್ಚಾರಣೆಯನ್ನು ಗಮನಿಸಲು ಹೇಳಿ: 'ಆನ್ ಅವರ್' (an hour), ಆದರೆ 'ಎ ಯೂನಿವರ್ಸಿಟಿ' (a university). ಗೈಡಿನ ಪ್ರಬಂಧಗಳನ್ನು ಬಾಯಿಪಾಠ ಮಾಡಿಸುವುದನ್ನು ನಾನು ಒಪ್ಪಲಾರೆ. ದಿನಕ್ಕೆ ಐದು ಸ್ವಂತ ವಾಕ್ಯಗಳನ್ನು ಬರೆಯಿಸಿ, ಭಾನುವಾರ ಸಂಜೆಯೊಳಗೆ ಪುಟದ ಫೋಟೊ ಇಲ್ಲಿಗೆ ಕಳುಹಿಸಿದರೆ ತಿದ್ದಿ ಹಿಂದಿರುಗಿಸುತ್ತೇನೆ.