ತುಟಿಯ ಗುಳ್ಳೆಗೆ ಲಿಂಬೆ, ಉಪ್ಪು ತಿಕ್ಕಬೇಡಿ

ಸಂಪಾದಕರಿಗೆ ನಮಸ್ಕಾರ.

ಮೊನ್ನೆ ನಮ್ಮ ಕಟ್ಟಡದ ಕನ್ನಡದವರ ವಾಟ್ಸಾಪ್ ಗುಂಪಿಗೆ ಒಂದು ಮನೆಮದ್ದು ಬಂತು. ತುಟಿಯ ಮೇಲೆ ಗುಳ್ಳೆ ಎದ್ದರೆ ಲಿಂಬೆರಸಕ್ಕೆ ಉಪ್ಪು ಬೆರೆಸಿ ತಿಕ್ಕಿ, ಬೆಳಿಗ್ಗೆ ಏಳುವಷ್ಟರಲ್ಲಿ ಮಾಯ ಅಂತ. ಓದಿ ಸಂಕಟ ಆಯಿತು. ಹೋದ ಮೇ ತಿಂಗಳಲ್ಲಿ ನಾನು ಅದನ್ನೇ ಮಾಡಿ ಪಟ್ಟ ಪಾಡು ಇನ್ನೂ ಮರೆತಿಲ್ಲ.

ಡೊಂಬಿವಲಿಯಿಂದ ದಾದರಿಗೆ ದಿನಾ ಮುಂಬಯಿಯ ಲೋಕಲ್ ರೈಲಿನಲ್ಲಿ ಹೋಗಿ ಬರುವವಳು ನಾನು. ಆ ವಾರ ನಿದ್ದೆ ಸರಿ ಇರಲಿಲ್ಲ, ಬಿಸಿಲಿನ ಓಡಾಟ ಬೇರೆ. ಒಂದು ಬೆಳಿಗ್ಗೆ ಕೆಳತುಟಿಯ ಬಲಗಡೆ ಚುಮುಚುಮು ಅನ್ನತೊಡಗಿತು, ಸಂಜೆಗೆ ಸಾಸಿವೆ ಕಾಳಿನಂಥ ನಾಲ್ಕೈದು ನೀರ್ಗುಳ್ಳೆ ಒಂದೇ ಕಡೆ ಗುಂಪಾಗಿ ಎದ್ದವು. ರಾತ್ರಿ ಲಿಂಬೆ, ಉಪ್ಪು ತಿಕ್ಕಿದೆ. ಉರಿಗೆ ಕಣ್ಣಲ್ಲಿ ನೀರು ಬಂತು. ಮರುದಿನ ನೋಡಿದರೆ ಎಲ್ಲಾ ಒಡೆದು ಹಸಿ ಗಾಯ, ತುಟಿ ಊದಿಕೊಂಡು ಚಹಾದ ಲೋಟ ತಾಗಿಸುವ ಹಾಗಿಲ್ಲ. ಆಮೇಲೆ ಕೀವು ಕಟ್ಟಿತು. ಹತ್ತು ದಿನದಲ್ಲಿ ಒಣಗಿ ಹೋಗಬೇಕಾದದ್ದು ಮೂರು ವಾರ ಹಿಡಿಯಿತು.

ನಮ್ಮಲ್ಲಿ ಇದಕ್ಕೆ 'ಉಷ್ಣ ಆಗಿದೆ' ಅಂದುಬಿಡುತ್ತೇವೆ, ಇಲ್ಲಾಂದ್ರೆ ರಾತ್ರಿ ಏನೋ ಹುಳ ಹರಿದಿದೆ ಅನ್ನುತ್ತೇವೆ. ಎರಡೂ ಅಲ್ಲ. ಇದು ಹರ್ಪಿಸ್ ಸಿಂಪ್ಲೆಕ್ಸ್ ಅನ್ನುವ ವೈರಸ್. ಹೆಸರು ಕೇಳಿ ಯಾರೂ ನಾಚಿಕೊಳ್ಳಬೇಕಾಗಿಲ್ಲ, ಬಹಳ ಜನರಿಗೆ ಚಿಕ್ಕಂದಿನಲ್ಲೇ ಮನೆಯವರ ಮುತ್ತಿನಿಂದಲೇ ಬಂದಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 50 ವರ್ಷದೊಳಗಿನ ಸುಮಾರು 380 ಕೋಟಿ ಜನರಲ್ಲಿ ಇದರ ಒಂದನೇ ಬಗೆ ಇದೆ. ಒಮ್ಮೆ ಒಳಗೆ ಹೋದರೆ ಮುಖದ ನರದ ಬುಡದಲ್ಲಿ ಸುಮ್ನೆ ಮಲಗಿರುತ್ತದೆ, ಜ್ವರ, ಬಿಸಿಲು, ನಿದ್ದೆಗೇಡು, ಮುಟ್ಟಿನ ದಿನ ಇಂಥದ್ದೇನಾದರೂ ಆದಾಗ ಎದ್ದು ಬರುತ್ತದೆ. ಯಾವ ಮನೆಮದ್ದೂ, ಯಾವ ಮಾತ್ರೆಯೂ ಅದನ್ನು ಬೇರು ಸಮೇತ ಕೀಳುವುದಿಲ್ಲ.

ಹಾಗಂತ ಮನೆಮದ್ದು ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಐಸ್ ತುಂಡನ್ನು ಹತ್ತಿಬಟ್ಟೆಯಲ್ಲಿ ಸುತ್ತಿ ಐದು ನಿಮಿಷ ಒತ್ತಿ ಹಿಡಿದರೆ ಉರಿ ಎಷ್ಟೋ ಇಳಿಯುತ್ತದೆ. ನಮ್ಮ ಕಿಟಕಿಯ ಗ್ರಿಲ್‌ನಲ್ಲಿ ಒಂದು ಲೋಳೆಸರದ ಕುಂಡ ಇದೆ. ಎಲೆ ಕೊಯ್ದ ಮೇಲೆ ಹಳದಿ ಸೋನೆ ಪೂರ್ತಿ ಇಳಿಯಲು ಬಿಟ್ಟು, ತೊಳೆದು, ಒಳಗಿನ ತಿಳಿ ಲೋಳೆ ಮಾತ್ರ ಹಚ್ಚುತ್ತೇನೆ, ಸೋನೆ ತಾಗಿದರೆ ತುರಿಕೆ ಜಾಸ್ತಿ. ಹಕ್ಕಳೆ ಕಟ್ಟಿದ ಮೇಲೆ ತೆಂಗಿನೆಣ್ಣೆಯೋ ವ್ಯಾಸಲೀನೋ ಸವರಿದರೆ ಬಿರಿಯುವುದಿಲ್ಲ. ಜೇನಿನ ಬಗ್ಗೆಯೂ ಕೇಳುತ್ತಾರೆ. ನ್ಯೂಜಿಲೆಂಡ್‌ನಲ್ಲಿ ಕಾನುಕಾ ಅನ್ನುವ ಗಿಡದ ಜೇನಿನಿಂದ ಮಾಡಿದ ಕ್ರೀಮನ್ನು ಈ ವೈರಸ್ಸಿಗೆ ಡಾಕ್ಟರು ಕೊಡುವ ಅಸೈಕ್ಲೊವಿರ್ ಮುಲಾಮಿನ ಜೊತೆ ಹೋಲಿಸಿ ನೋಡಿದ್ದರು, 2019ರಲ್ಲಿ ಪ್ರಕಟವಾಯಿತು, ಎರಡಕ್ಕೂ ಎಂಟೊಂಬತ್ತು ದಿನವೇ ಹಿಡಿದಿತ್ತು. ಅದು ಶುದ್ಧ ಮಾಡಿದ ಔಷಧದ ಜೇನು, ನಮ್ಮ ಡಬ್ಬಿಯದ್ದಲ್ಲ. ಲಿಂಬೆ, ಸುಣ್ಣ, ಟೂತ್‌ಪೇಸ್ಟ್ ಮಾತ್ರ ಹತ್ತಿರ ತರಬೇಡಿ. ಗುಳ್ಳೆ ಚುಚ್ಚಲೂಬೇಡಿ. ಡಾಕ್ಟರು ಕೊಡುವ ಮಾತ್ರೆ ಕೆಲಸ ಮಾಡುವುದು ಆ ಚುಮುಚುಮು ಶುರುವಾದ ಕೂಡಲೇ ತಗೊಂಡರೆ. ಮದ್ದು ಹಚ್ಚಿದ ಬೆರಳನ್ನು ಸೋಪು ಹಾಕಿ ತೊಳೆಯದೆ ಕಣ್ಣು ಮುಟ್ಟಬಾರದು.

ಈ ಪತ್ರ ಬರೆಯಲು ಇನ್ನೂ ಒಂದು ಕಾರಣ ಇದೆ. ಹೋದ ತಿಂಗಳು ಮುಲುಂಡ್‌ನಲ್ಲಿ ಒಂದು ತೊಟ್ಟಿಲ ಶಾಸ್ತ್ರಕ್ಕೆ ಹೋಗಿದ್ದೆ. ಮಗುವಿಗೆ ಹನ್ನೆರಡು ದಿನ. ಹತ್ತಿರದ ಸಂಬಂಧಿಕರೊಬ್ಬರ ತುಟಿಯಲ್ಲಿ ಹಸಿ ಗುಳ್ಳೆ ಇತ್ತು, ಪ್ರೀತಿಯಿಂದಲೇ ಮಗುವನ್ನು ಎತ್ತಿ ಮುತ್ತಿಡಲು ಬಗ್ಗಿದರು. ನಾನು ತಡೆದು ಕೈಯಿಂದ ಮಗುವನ್ನು ತಗೊಂಡೆ. ಅವರಿಗೆ ಬೇಜಾರಾಯಿತು, ನನಗೆ ಗೊತ್ತು. ಆದರೆ ಎಳೆಗೂಸಿಗೆ ಈ ವೈರಸ್ ತಗುಲಿದರೆ ಮಿದುಳು, ಯಕೃತ್ತಿನವರೆಗೂ (ಲಿವರ್) ಹೋಗಬಹುದು, ಜೀವಕ್ಕೇ ಅಪಾಯ. ದೊಡ್ಡವರಿಗೆ ಹತ್ತು ದಿನದ ಕಿರಿಕಿರಿ ಅಷ್ಟೇ, ಅದಕ್ಕೇ ಯಾರಿಗೂ ಇದು ತಲೆಗೆ ಹೋಗುವುದಿಲ್ಲ ಅಲ್ವಾ? ಹಕ್ಕಳೆ ಪೂರ್ತಿ ಉದುರುವ ತನಕ ಮಗುವಿಗೆ ಮುತ್ತು ಬೇಡ. ಲೋಟ, ಚಮಚ, ಟವೆಲ್ ಬೇರೆ ಇಟ್ಟುಕೊಳ್ಳಿ.

ನಿಮ್ಮಲ್ಲಿ ಒಂದು ಕೋರಿಕೆ. ಮನೆಮದ್ದು ಅಚ್ಚು ಹಾಕುವಾಗ ಯಾವಾಗ ಡಾಕ್ಟರ ಹತ್ತಿರ ಹೋಗಬೇಕು ಅನ್ನುವುದನ್ನೂ ಕೆಳಗೆ ಎರಡು ಸಾಲು ಹಾಕಿ. ಈ ಗುಳ್ಳೆಯ ವಿಷಯಕ್ಕೆ ಬಂದರೆ, ಕಣ್ಣು ಕೆಂಪಾಗಿ ನೋವಾದರೆ ಅಥವಾ ಎಳೆ ಮಗುವಿಗೆ ಗುಳ್ಳೆ ಕಂಡರೆ ಅದೇ ದಿನ ಹೋಗಬೇಕು. ಎರಡು ವಾರವಾದರೂ ಒಣಗದಿದ್ದರೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ ಎದ್ದರೆ, ಮನೆಮದ್ದು ಅಂತ ಕಾಯಬಾರದು.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು
ಡೊಂಬಿವಲಿ ಪೂರ್ವ