ಅರ್ಧ ಸಾಲಿನಲ್ಲಿ ಸಿಕ್ಕ ಅಣ್ಣ

ಪ್ರೀತಿಯ ಗೆಳೆಯಾ,

ನಿನ್ನ ಕಥೆಯನ್ನು ಎರಡು ಸಲ ಓದಿದೆ. ಏಕವಚನಕ್ಕೆ ಬೇಸರಿಸಬೇಡ, ವಯಸ್ಸಿನ ಸಲಿಗೆ. ಅಲಂಕಾರ, ಸಂಘರ್ಷ, ಪಾತ್ರಚಿತ್ರಣ ಇವುಗಳಲ್ಲಿ ಮೊದಲು ಯಾವುದನ್ನು ಕಲಿಯಲಿ ಅಂತ ಕೇಳಿದ್ದೀಯ. ಮೂರೂ ಬೇರೆಬೇರೆ ಪಾಠ ಅಂದುಕೊಂಡಿದ್ದರಲ್ಲೇ ಎಡವಟ್ಟಿದೆ. ನಿನ್ನ ಕಥೆಯನ್ನೇ ಹಿಡಿದು ಹೇಳುತ್ತೇನೆ.

ಅಪ್ಪ ತೀರಿಕೊಂಡಿದ್ದಾರೆ. ಮನೆ ಮಾರಲೇಬೇಕು ಅಂತ ದರ್ಜಿ ಅಣ್ಣ, ಕೂಡದು ಅಂತ ತಮ್ಮ. ಮೂರು ಪುಟ ಜಗಳ. ಮೊದಲ ಪುಟದಲ್ಲಿ ಅಣ್ಣ ಏನು ಅಂದನೋ ಮೂರನೆಯದರಲ್ಲೂ ಅದನ್ನೇ ಅನ್ನುತ್ತಾನೆ, ದನಿ ಮಾತ್ರ ಏರಿದೆ. ಇದು ಬರೀ ಜಗಳ. ಒಬ್ಬನಿಗೆ ಏನೋ ಬೇಕು, ಅದಕ್ಕೆ ಅಡ್ಡಿ ಇದೆ. ಇಷ್ಟರಿಂದ ಕಥೆ ಶುರುವಾಗುತ್ತದೆಯೇ ಹೊರತು ಮುಂದೆ ಹೋಗುವುದಿಲ್ಲ. ಗೆದ್ದರೂ ಅವನು ಏನನ್ನೋ ಕಳೆದುಕೊಳ್ಳುತ್ತಾನೆ ಅನ್ನುವ ಅಳುಕು ಓದುಗನಿಗೆ ಹತ್ತಬೇಕು. ಆಗ ಅದು ಸಂಘರ್ಷ.

ಆ ಅಳುಕು ನಿನ್ನ ಕಥೆಯಲ್ಲಿ ಇಲ್ಲ ಅನ್ನಲಾರೆ. ಕೊನೆಯ ಪುಟದಲ್ಲಿ, ಅರ್ಧ ಸಾಲಿನಲ್ಲಿ, ಎಲ್ಲರೂ ಮಲಗಿದ ಮೇಲೆ ಅಣ್ಣ ಕಿರುಗುಟ್ಟುವ ಮುಂಬಾಗಿಲ ಕೀಲುಗಳಿಗೆ ಎಣ್ಣೆ ಬಿಡುತ್ತಾನೆ. ನಾಳೆ ಪರರ ಪಾಲಾಗುವ ಬಾಗಿಲಿಗೆ! ಅಲ್ಲಿ ನಾನು ಎದ್ದು ಕೂತೆ. ಬಾಯಿ ಮಾರೋಣ ಅನ್ನುತ್ತಿದೆ, ಕೈ ಮನೆಯನ್ನು ಜೋಪಾನ ಮಾಡುತ್ತಿದೆ. ನೀನು ಅದನ್ನು ಬರೆದು, ಗಮನಿಸದೆ, ಮತ್ತೆ ಜಗಳಕ್ಕೆ ಓಡಿದ್ದೀಯ.

ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ 1927ರಲ್ಲಿ ಪಾತ್ರಗಳನ್ನು ಚಪ್ಪಟೆ, ದುಂಡು ಅಂತ ಎರಡು ಬಗೆ ಮಾಡಿದ. ನಂಬುವಂತೆ ನಮ್ಮನ್ನು ಅಚ್ಚರಿಗೊಳಿಸಬಲ್ಲ ಪಾತ್ರವೇ ದುಂಡು. ಅಚ್ಚರಿಯೇ ಇಲ್ಲದಿದ್ದರೆ ಚಪ್ಪಟೆ. ಎಣ್ಣೆ ಬಿಡುವ ಆ ಗಳಿಗೆಯಲ್ಲಿ ನಿನ್ನ ಅಣ್ಣ ದುಂಡಗಾದ. ಹಾಗಂತ ಎಲ್ಲರನ್ನೂ ದುಂಡು ಮಾಡಲು ಹೊರಡಬೇಡ. ಮನೆ ನೋಡಲು ಬಂದು ಹೋಗುವ ಆ ದಲ್ಲಾಳಿ ಚಪ್ಪಟೆಯಾಗಿಯೇ ಇರಲಿ. ಅವನ ಬಾಲ್ಯದ ಕಷ್ಟ ನಮಗೆ ಬೇಡ. ನನ್ನ ಮೊದಮೊದಲ ಕಥೆಗಳಲ್ಲಿ ಬಾಗಿಲು ತಟ್ಟಿದ ಅಂಚೆಯವನಿಗೂ ಒಂದು ದುಃಖ ಇರುತ್ತಿತ್ತು. ಒಬ್ಬ ಸಂಪಾದಕರು ಆ ದುಃಖವನ್ನಷ್ಟೂ ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದ್ದರು. ಆಗ ಸಿಟ್ಟು ಬಂದಿತ್ತು.

ಇನ್ನು ಉಪಮೆ. ಮೊದಲ ಪುಟದಲ್ಲೇ ಒಂಬತ್ತು ಎಣಿಸಿದೆ. ಉಪಮೇಯ, ಉಪಮಾನ, ಸಮಾನಧರ್ಮ, ಉಪಮಾವಾಚಕ ಅಂತ ನಾಲ್ಕು ಅಂಗ ಶಾಲೆಯಲ್ಲಿ ಕಲಿತಿರುತ್ತೀಯ. ಕಥೆ ಬರೆಯುವವನಿಗೆ ಐದನೆಯದೊಂದು ಬೇಕು: ನೋಡುತ್ತಿರುವವರು ಯಾರು? ಗೋಡೆಯ ಬಿರುಕು ‘ಒಣಗಿದ ನದಿಯಂತಿತ್ತು’ ಅಂತ ಬರೆದಿದ್ದೀಯ. ಚೆನ್ನಾಗಿದೆ, ಆದರೆ ಅದು ನಿನ್ನ ಕಣ್ಣು. ಆ ಸಾಲಿನಲ್ಲಿ ಗೋಡೆ ನೋಡುತ್ತಿರುವವನು ದರ್ಜಿ. ಅವನಿಗೆ ಅದು ಹೊಲಿಗೆ ಬಿಟ್ಟ ಹಾಗೆ ಕಾಣುತ್ತದೆ. ಕಂಡ ಕೂಡಲೇ ಹೊಲಿದುಬಿಡಲು ಅವನ ಬೆರಳು ತವಕಿಸುತ್ತದೆ, ಆದರೆ ಮಾರಬೇಕೆಂದು ಹಟ ಹಿಡಿದವನೂ ಅವನೇ. ನೋಡು, ಒಂದೇ ಹೋಲಿಕೆಯಲ್ಲಿ ಅವನ ಕಸುಬೂ ಬಂತು, ಒಳಗಿನ ತಿಕ್ಕಾಟವೂ ಬಂತು. ಉಳಿದ ಎಂಟನ್ನು ಹೊಡೆದು ಹಾಕಿದರೂ ನಷ್ಟವಿಲ್ಲ. ತಮ್ಮ ಅದೇ ಬಿರುಕನ್ನು ಹೇಗೆ ನೋಡುತ್ತಾನೆ ಅನ್ನುವುದು ನಿನಗೆ ಬಿಟ್ಟಿದ್ದು. ಅವನ ಕಸುಬು ಏನು ಅಂತಲೇ ನೀನು ಹೇಳಿಲ್ಲ!

ಎಣ್ಣೆಯ ಸಾಲಿಗೆ ಮಾತ್ರ ಕೈ ಹಚ್ಚುವಾಗ ಹುಷಾರು. ಅದರ ಬೆನ್ನಿಗೇ ‘ಅವನಿಗೆ ಅಪ್ಪನ ಮೇಲಿದ್ದ ಪ್ರೀತಿ ಇನ್ನೂ ಆರಿರಲಿಲ್ಲ’ ಅಂತ ಸೇರಿಸಿದೆಯೋ, ಕೆಟ್ಟಿತು. 9ನೇ ಶತಮಾನದಲ್ಲೇ ಸಂಸ್ಕೃತ ಕಾವ್ಯಮೀಮಾಂಸಕ ಆನಂದವರ್ಧನ ಧ್ವನಿಯೇ ಕಾವ್ಯದ ಆತ್ಮ ಅಂದ: ಮಾತಿನ ನೇರ ಅರ್ಥದಾಚೆಗೆ ಹೊಳೆಯುವ ಅರ್ಥ. ಹೊಳೆಯಬೇಕಾದ್ದನ್ನು ಬಿಡಿಸಿ ಹೇಳಿದರೆ ಓದುಗನಿಗೆ ಮಾಡಲು ಕೆಲಸವೇ ಉಳಿಯುವುದಿಲ್ಲ. ಬಾಗಿಲು ಮೊದಲ ಪುಟದಲ್ಲಿ ಒಮ್ಮೆ ಕಿರುಗುಟ್ಟಲಿ, ಯಾರೂ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳದಿರಲಿ. ಅಷ್ಟಿದ್ದರೆ ರಾತ್ರಿಯ ಎಣ್ಣೆ ತಾನಾಗಿ ಮಾತಾಡುತ್ತದೆ.

ಜಗಳವನ್ನು ಒಂದು ಪುಟಕ್ಕೆ ಇಳಿಸಿ ಮತ್ತೆ ಬರೆ. ಕೊನೆಯಲ್ಲಿ ಬೆಳಗಾಗಲಿ, ತಮ್ಮ ಬಾಗಿಲು ತೆಗೆಯಲಿ. ಸದ್ದಾಗಲಿಲ್ಲ ಅನ್ನುವುದು ಅವನ ಗಮನಕ್ಕೆ ಬಂತೋ ಇಲ್ಲವೋ? ಅದು ನನಗೂ ಗೊತ್ತಿಲ್ಲ. ಬರೆದು ಕಳಿಸು.

ನಿನ್ನ,
ಹಳೆಯ ಓದುಗ