ಕೂಲೆಂಟ್ ಸೋರಿಕೆ: ಘಾಟಿಗೆ ಹೊರಡುವ ಮುನ್ನ

ಪುಣೆಯ ಕನ್ನಡ ಬೈಕ್ ಸವಾರರ ಗುಂಪಿನ ಸದಸ್ಯರೆಲ್ಲರಿಗೂ ನಮಸ್ಕಾರ.

ಲಿಕ್ವಿಡ್ ಕೂಲ್ಡ್ ಇಂಜಿನ್ನಿನ ಸೆಕೆಂಡ್ ಹ್ಯಾಂಡ್ ಬೈಕ್ ಕೊಂಡವರು, ತಾಮ್ಹಿಣಿ ಘಾಟಿಗೆ ಹೊರಡುವ ಮುನ್ನ, ರಾತ್ರಿ ಗಾಡಿಯಡಿ ರಟ್ಟು ಹಾಸಿಟ್ಟು ಕೂಲೆಂಟಿನ, ಅಂದರೆ ಇಂಜಿನ್ ತಂಪಾಗಿಡುವ ದ್ರವದ, ಹನಿ ಎಲ್ಲಿ ಬೀಳುತ್ತದೆಂದು ನೋಡಬೇಕಾಗಿ ವಿನಂತಿ. ಇಂಜಿನ್ ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬೇಡಿ. ಒತ್ತಡದಲ್ಲಿರುವ ದ್ರವ ಚಿಮ್ಮಿ ಮುಖ, ಕೈ ಸುಡುತ್ತದೆ.

ಕೂಲೆಂಟ್ ಪೈಪನ್ನು ಹಿಡಿದಿಡುವ ಹೋಸ್ ಕ್ಲಿಪ್ ಸಡಿಲವಾಗಿದ್ದರೆ ಬಿಗಿ ಮಾಡಿದರಾಯಿತು. ಆದರೆ ಕೂಲೆಂಟನ್ನು ಇಂಜಿನ್ನಿನಲ್ಲಿ ಹರಿಸುವ ವಾಟರ್ ಪಂಪಿನ ಕೆಳಗಿನ ಸಣ್ಣ ರಂಧ್ರದಿಂದ ಕೂಲೆಂಟ್ ಒಸರುತ್ತಿದ್ದರೆ ಒಳಗೆ ದ್ರವ ಸೋರದಂತೆ ತಡೆಯುವ ಮೆಕ್ಯಾನಿಕಲ್ ಸೀಲ್ ಸವೆದಿರುತ್ತದೆ. ಸೋರಿದ ದ್ರವ ಇಂಜಿನ್ ಆಯಿಲಿಗೆ ಸೇರದೆ ಹೊರಬಂದು ನಮ್ಮ ಕಣ್ಣಿಗೆ ಬೀಳಲೆಂದೇ ಆ ರಂಧ್ರ ಇರುವುದರಿಂದ, ಅದಕ್ಕೆ ಅಂಟು ಮೆತ್ತಿ ಮುಚ್ಚುವುದು ರಿಪೇರಿಯಲ್ಲ, ಇಂಜಿನ್ನಿಗೇ ಅಪಾಯ. ಸೀಲ್ ಬದಲಿಸುವಾಗ ಪಂಪಿನೊಳಗೆ ತಿರುಗುವ ಶಾಫ್ಟಿನ ಮೇಲೆ ಗೀರು ಬಿದ್ದಿದೆಯೇ ಎಂದು ಎದುರಿಗೆ ನಿಂತು ನೋಡಿಸಿ; ಬಿದ್ದಿದ್ದರೆ ಹೊಸ ಸೀಲ್ ಬಾಳಿಕೆ ಬರುವುದಿಲ್ಲ. ಹೊರಗೆಲ್ಲೂ ಹನಿ ಕಾಣದೆ ಕೂಲೆಂಟ್ ಮಟ್ಟ ಇಳಿಯುತ್ತಿದ್ದು, ಆಯಿಲ್ ಹಾಲು ಬೆರೆತ ಚಹಾದ ಬಣ್ಣಕ್ಕೆ ತಿರುಗಿದ್ದರೆ, ಕೂಲೆಂಟ್ ಆಯಿಲಿಗೆ ಸೇರಿದೆ ಎಂದರ್ಥ; ಗಾಡಿ ಸ್ಟಾರ್ಟ್ ಮಾಡದೆ ಟೆಂಪೋದಲ್ಲೇ ಗ್ಯಾರೇಜಿಗೆ ಸಾಗಿಸಿ.

ಮತ್ತೆ ತುಂಬಲು ಬೋರ್‌ವೆಲ್ ನೀರು ಬೇಡ. ಕಂಪನಿ ಮ್ಯಾನ್ಯುಯಲ್ ಹೇಳುವ ಕೂಲೆಂಟನ್ನೇ ಹಾಕಿ, ಒಳಗಿನ ಗಾಳಿ ಪೂರ್ತಿ ಹೊರಹಾಕಿಸಿ. ಎಥಿಲೀನ್ ಗ್ಲೈಕಾಲ್ ಇರುವ ಹಳೆಯ ಕೂಲೆಂಟ್ ಸಿಹಿಯಾದ ವಿಷವಾದ್ದರಿಂದ, ಸೊಸೈಟಿಯ ಪಾರ್ಕಿಂಗಿನಲ್ಲಿ ನಾಯಿ, ಬೆಕ್ಕು ನೆಕ್ಕುವಂತೆ ಚೆಲ್ಲದೆ ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೇ ಒಪ್ಪಿಸಿ.